ಹಲಗಾದಿಂದ ಮಚ್ಛೆಗೆ: ಒಂದು ಬೈಪಾಸಿನ ಹಿಂದು ಮುಂದು

ಕೊಲ್ಹಾಪುರದಿಂದಲೋ ಬಾಗಲಕೋಟೆಯಿಂದಲೋ ಗೋವಾಕ್ಕೆ ಹೊರಟ ಲಾರಿಗೆ ಬೆಳಗಾವಿ ನಗರದೊಳಗೆ ಯಾವ ಕೆಲಸವೂ ಇರುವುದಿಲ್ಲ. ಆದರೂ ಅದು ನಗರ ಹೊಕ್ಕು, ಟಿಳಕವಾಡಿ, ಉದ್ಯಮಬಾಗ, ಪೀರನವಾಡಿಗಳ ಗದ್ದಲದಲ್ಲಿ ತೆವಳಿ, ಮಚ್ಛೆ ದಾಟಿದ ಮೇಲೆಯೇ ಖಾನಾಪುರದ ದಾರಿಯಲ್ಲಿ ಉಸಿರು ಬಿಡುವುದು. ನಗರದ ಪೂರ್ವದ ಅಂಚಿನಲ್ಲಿ ಪುಣೆ–ಬೆಂಗಳೂರು ಹೆದ್ದಾರಿ ಹಾದುಹೋಗುತ್ತದೆ. ಹಿಂದೆ ಅದರ ಸಂಖ್ಯೆ 4, ಈಗ 48. ದಕ್ಷಿಣದಿಂದ ಖಾನಾಪುರ, ಲೋಂಡಾ, ಅನಮೋಡ ಮಾರ್ಗವಾಗಿ ಪಣಜಿಗೆ ಇಳಿಯುವ ಹೆದ್ದಾರಿ ಹಿಂದಿನ 4ಎ, ಈಗಿನ 748. ಈ ಎರಡನ್ನೂ ಊರ ಹೊರಗೇ ಸೇರಿಸಲು ಗುರುತಿಸಿದ ಸುಮಾರು ಒಂಬತ್ತೂವರೆ ಕಿ.ಮೀ. ದಾರಿಯೇ ಹಲಗಾ–ಮಚ್ಛೆ ಬೈಪಾಸ್. ಒಂಬತ್ತೂವರೆ ಕಿ.ಮೀ. ಎಂದರೆ ಲಾರಿಗೆ ಕಾಲು ಗಂಟೆಯ ಹಾದಿ. ಕಾಗದದಿಂದ ನೆಲಕ್ಕೆ ಇಳಿಯಲು ಅದಕ್ಕೆ ವರ್ಷಗಳೇ ಹಿಡಿದವು.

ಬೆಳಗಾವಿಗೆ ಬೈಪಾಸ್ ಹೊಸದಲ್ಲ. ನಗರದೊಳಗೆ ಇಂದಿಗೂ 'ಹಳೆ ಪಿ.ಬಿ. ರೋಡ್' ಎಂಬ ಹೆಸರಿನ ರಸ್ತೆಯಿದೆ. ಪಿ.ಬಿ. ಎಂದರೆ ಪುಣೆ–ಬೆಂಗಳೂರು. ಒಂದು ಕಾಲಕ್ಕೆ ಹೆದ್ದಾರಿಯ ಗಾಡಿಗಳೆಲ್ಲ ಅಲ್ಲಿಂದಲೇ ಹೋಗುತ್ತಿದ್ದವು. ಆಮೇಲೆ ಹೆದ್ದಾರಿಯನ್ನು ಊರಾಚೆ ಒಯ್ದರು, ಹಳೆಯ ರಸ್ತೆಗೆ ಹೆಸರಷ್ಟೇ ಉಳಿಯಿತು. ಊರು ಸುಮ್ಮನೆ ಕೂರಲಿಲ್ಲ. ಬಡಾವಣೆಗಳು ಹೊಸ ಹೆದ್ದಾರಿಯನ್ನೂ ದಾಟಿ ಆಚೆಗೆ ಬೆಳೆದವು. ಹಲಗಾ–ಬಸ್ತವಾಡದ ಬಳಿ ಹೆದ್ದಾರಿಯ ಮಗ್ಗುಲಲ್ಲೇ ಸುವರ್ಣ ವಿಧಾನಸೌಧ ಎದ್ದು, 2012ರ ಅಕ್ಟೋಬರ್ 11ರಂದು ಉದ್ಘಾಟನೆಯಾಯಿತು. ಬೈಪಾಸ್ ಹಾಕಿದಲ್ಲಿಗೆ ಊರೂ ಹಿಂದೆಯೇ ಬರುತ್ತದೆ. ರಸ್ತೆ ಯೋಜಿಸುವವರಿಗೆ ಇದು ಗೊತ್ತಿರುವ ಸಂಗತಿ, ಆದರೂ ಪ್ರತಿ ಸಲವೂ ಮರೆಯುವ ಸಂಗತಿ.

ಯೋಜನೆ ಶುರುವಾಗುವುದು ಎಣಿಕೆಯಿಂದ. ರಸ್ತೆಬದಿಯಲ್ಲಿ ಕುಳಿತ ಹುಡುಗರು ಹಗಲೂ ರಾತ್ರಿ ಹಾಳೆಯ ಮೇಲೆ ಗೀಟು ಎಳೆದು ಗಾಡಿ ಲೆಕ್ಕ ಹಾಕುತ್ತಾರೆ; ಈಗೀಗ ಆ ಕೆಲಸ ಕ್ಯಾಮೆರಾ ಮಾಡುತ್ತದೆ. ಎಲ್ಲ ಗಾಡಿಗಳಿಗೂ ಒಂದೇ ತೂಕವಿಲ್ಲ. ಭಾರತೀಯ ರಸ್ತೆ ಕಾಂಗ್ರೆಸ್ಸಿನ ಕೋಷ್ಟಕದಲ್ಲಿ ಕಾರು ಒಂದಾದರೆ ಬೈಕು ಅರ್ಧ, ಲಾರಿ ಅಥವಾ ಬಸ್ಸು ಮೂರು, ಟ್ರೇಲರ್ ಕಟ್ಟಿದ ಟ್ರ್ಯಾಕ್ಟರ್ ನಾಲ್ಕೂವರೆ. ಎತ್ತಿನ ಗಾಡಿಯದು ಎಂಟು! ನಿಧಾನವಾಗಿ ಹೋಗುವ ಒಂದು ಚಕ್ಕಡಿ ಎಂಟು ಕಾರಿನಷ್ಟು ಜಾಗ ತಿನ್ನುತ್ತದೆಂಬುದು ಇದರ ಅರ್ಥ. ಕಬ್ಬಿನ ಸುಗ್ಗಿಯಲ್ಲಿ ಬೆಳಗಾವಿ ಜಿಲ್ಲೆಯ ರಸ್ತೆಗಳನ್ನು ಕಂಡವರಿಗೆ ಈ ಲೆಕ್ಕವನ್ನು ಬಿಡಿಸಿ ಹೇಳಬೇಕಿಲ್ಲ.

ಗಾಡಿ ಎಣಿಸಿದರಷ್ಟೇ ಸಾಲದು, ಗಾಡಿಯನ್ನು ನಿಲ್ಲಿಸಿ ಕೇಳಬೇಕು: ಎಲ್ಲಿಂದ ಬಂತು, ಎಲ್ಲಿಗೆ ಹೊರಟಿದೆ, ಏನು ಹೇರಿದೆ. ಬೈಪಾಸ್ ಬೇಕೋ ಬೇಡವೋ ಎಂಬುದು ಈ ಮೂರು ಪ್ರಶ್ನೆಗಳ ಮೇಲೆ ನಿಂತಿದೆ. ರವಿವಾರ ಪೇಟೆಯ ಸಗಟು ಅಂಗಡಿಗೆ ಬೇಳೆಯ ಮೂಟೆ ಇಳಿಸಲು ಬಂದ ಲಾರಿಗೆ ಬೈಪಾಸಿನಿಂದ ಉಪಯೋಗವಿಲ್ಲ. ಅದು ಪೇಟೆಯ ಇಕ್ಕಟ್ಟಿನ ಗಲ್ಲಿಗೆ ಬಂದೇ ಬರುತ್ತದೆ. ಊರಿಗೆ ಕೆಲಸವಿಲ್ಲದೆ ಊರು ಹಾಯುವ ಗಾಡಿಯನ್ನು ಮಾತ್ರ ಬೈಪಾಸ್ ಹೊರಗೆ ಕಳಿಸಬಲ್ಲದು. ಬೈಪಾಸ್ ಆದೊಡನೆ ಪೇಟೆಯ ದಟ್ಟಣೆಯೂ ಕರಗುತ್ತದೆ ಎಂದು ನಂಬಿಸುವುದು ಚುನಾವಣೆಯ ಭಾಷಣಕ್ಕೆ ಸರಿ, ಸರ್ವೇ ವರದಿಗಲ್ಲ.

ಎಣಿಕೆ ಮುಗಿದ ಮೇಲೆ ನಕ್ಷೆಯ ಮೇಲೆ ಎರಡು ಮೂರು ಗೆರೆಗಳನ್ನು ಎಳೆದು ನೋಡುತ್ತಾರೆ. ಯಾವುದು ಉದ್ದ ಕಡಿಮೆ, ಎಲ್ಲಿ ಹಳ್ಳ ಅಡ್ಡ ಬರುತ್ತದೆ, ಎಲ್ಲಿ ಮನೆ ಹೋಗುತ್ತದೆ, ಎಲ್ಲಿ ಗುಡಿ ಇದೆ ಎಂದು ತೂಗಿ ಒಂದನ್ನು ಆರಿಸುತ್ತಾರೆ. ಮನೆ ಕೆಡವಿದರೆ ಖರ್ಚು ಹೆಚ್ಚು, ಗದ್ದಲವೂ ಹೆಚ್ಚು. ಹೀಗಾಗಿ ಗೆರೆ ತಾನಾಗಿ ಹೊಲಗದ್ದೆಯ ಕಡೆ ಜಾರುತ್ತದೆ. ಹಲಗಾ–ಮಚ್ಛೆ ಗೆರೆಯೂ ಹಾಗೆಯೇ ಹಳೆ ಬೆಳಗಾವಿ, ಶಹಾಪುರ, ವಡಗಾವಿ, ಅನಗೋಳ, ಮಜಗಾವಿಗಳ ಕಪ್ಪು ನೆಲದ ಮೇಲೆ ಹಾಯಿತು. ಬೆಳಗಾವಿ ಬಾಸುಮತಿ ಎಂದು ಹೆಸರಾದ ಪರಿಮಳದ ಅಕ್ಕಿ ಬೆಳೆಯುವ ಸೀಮೆ ಇದೇ. ಭತ್ತ ಕೊಯ್ದ ಮೇಲೆ ಉಳಿದ ಹಸಿಯಲ್ಲೇ ಕಡಲೆ, ಮಸೂರಿನಂಥ ಎರಡನೇ ಬೆಳೆ ಬರುತ್ತದೆ. ಇಲ್ಲಿ ಹಿಡುವಳಿಗಳು ಸಣ್ಣವು, ಜನ ಲೆಕ್ಕ ಹಾಕುವುದು ಎಕರೆಯಲ್ಲಲ್ಲ, ಗುಂಟೆಯಲ್ಲಿ. ನಾಲ್ಕು ಪಥದ ರಸ್ತೆಗೆ 60 ಮೀಟರ್ ಅಗಲ ಹಿಡಿದರೆ ಒಂದು ಕಿ.ಮೀ.ಗೆ 6 ಹೆಕ್ಟೇರ್, ಅಂದರೆ ಹತ್ತಿರಹತ್ತಿರ 15 ಎಕರೆ ಹೋಗುತ್ತದೆ. 15 ಎಕರೆ ಎಂದರೆ 600 ಗುಂಟೆ.

ಜಮೀನು ಪಡೆಯುವುದು 1956ರ ರಾಷ್ಟ್ರೀಯ ಹೆದ್ದಾರಿ ಕಾಯ್ದೆಯಂತೆ. ಮೊದಲು 3ಎ ಅಧಿಸೂಚನೆ ರಾಜಪತ್ರದಲ್ಲಿ ಪ್ರಕಟವಾಗುತ್ತದೆ. ಅದರ ಸಾರಾಂಶವನ್ನು ಎರಡು ಸ್ಥಳೀಯ ಪತ್ರಿಕೆಗಳಲ್ಲಿ ಹಾಕಬೇಕು, ಒಂದಾದರೂ ಜನರ ಭಾಷೆಯದಾಗಿರಬೇಕು. ಅಲ್ಲಿಂದ 21 ದಿನದೊಳಗೆ ಆಕ್ಷೇಪಣೆ ಕೊಡಬಹುದು. ಒಂದು ವರ್ಷದೊಳಗೆ 3ಡಿ ಅಧಿಸೂಚನೆ ಹೊರಡಬೇಕು, ಇಲ್ಲದಿದ್ದರೆ ಮೊದಲನೆಯದು ಬಿದ್ದುಹೋಗುತ್ತದೆ. 3ಡಿ ಬಂದ ದಿನವೇ ಜಮೀನು ಕೇಂದ್ರ ಸರ್ಕಾರದ್ದಾಗುತ್ತದೆ. ಹೊಲದಲ್ಲಿ ಪೈರು ನಿಂತಿರಬಹುದು, ಉತಾರದಲ್ಲಿ ರೈತನ ಹೆಸರೇ ಇರಬಹುದು; ಕಾನೂನಿನ ಕಣ್ಣಿಗೆ ಒಡೆಯ ಬದಲಾಗಿರುತ್ತಾನೆ. ಅನೇಕರಿಗೆ ಇದು ತಿಳಿಯುವುದು ಜೆಸಿಬಿ ಬಂದು ನಿಂತಾಗ.

ಪರಿಹಾರದ ಲೆಕ್ಕ ಇನ್ನೂ ತೊಡಕಿನದು. 2015ರ ಜನವರಿ 1ರಿಂದ ಹೆದ್ದಾರಿ ಜಮೀನಿಗೂ 2013ರ ಭೂಸ್ವಾಧೀನ ಕಾಯ್ದೆಯ ಪರಿಹಾರ ನಿಯಮಗಳು ಅನ್ವಯಿಸುತ್ತವೆ. ಸುತ್ತಲಿನ ಜಮೀನುಗಳ ಹಿಂದಿನ ಮೂರು ವರ್ಷದ ಖರೀದಿ ಪತ್ರಗಳನ್ನು ತೆಗೆದು, ಹೆಚ್ಚು ಬೆಲೆಯ ಅರ್ಧದಷ್ಟು ಪತ್ರಗಳ ಸರಾಸರಿ ಹಿಡಿಯುತ್ತಾರೆ. ಅದನ್ನು ಸರ್ಕಾರದ ಮಾರ್ಗಸೂಚಿ ಬೆಲೆಗೆ ಹೋಲಿಸಿ ಯಾವುದು ಹೆಚ್ಚೋ ಅದನ್ನು ಆಧಾರ ಮಾಡುತ್ತಾರೆ. ಹಳ್ಳಿಯ ಜಮೀನಾದರೆ ಅದನ್ನು ಒಂದರಿಂದ ಎರಡರ ನಡುವಿನ ಅಂಕಿಯಿಂದ ಗುಣಿಸಿ, ಬಂದ ಮೊತ್ತದಷ್ಟೇ ಸಾಂತ್ವನ ಧನ ಸೇರಿಸುತ್ತಾರೆ. ಕಾಗದದ ಮೇಲೆ ಇದು ಉದಾರವಾಗಿಯೇ ಕಾಣುತ್ತದೆ. ತೊಂದರೆ ಇರುವುದು ಖರೀದಿ ಪತ್ರದಲ್ಲಿ. ಮುದ್ರಾಂಕ ಶುಲ್ಕ ಉಳಿಸಲೆಂದು ನಿಜದ ಬೆಲೆ ಮುಚ್ಚಿಟ್ಟು ಕಡಿಮೆ ಬರೆಸುವ ರೂಢಿ ಎಲ್ಲೆಡೆ ಇದೆ. ಅಂದು ಕೊಂಡವನು ಉಳಿಸಿದ ನಾಲ್ಕು ಕಾಸು ಇಂದು ಪಕ್ಕದ ಹೊಲದವನ ಪರಿಹಾರವನ್ನು ಕಡಿಯುತ್ತದೆ. 2015ಕ್ಕಿಂತ ಹಿಂದೆ ಹೆದ್ದಾರಿ ಕಾಯ್ದೆಯಡಿ ಜಮೀನು ಕೊಟ್ಟವರಿಗೆ ಸಾಂತ್ವನ ಧನವೇ ಇರಲಿಲ್ಲ. ಅದನ್ನು ಕೊಡಲೇಬೇಕೆಂದು ಸುಪ್ರೀಂ ಕೋರ್ಟು ತರ್ಸೇಮ್ ಸಿಂಗ್ ಪ್ರಕರಣದಲ್ಲಿ 2019ರಲ್ಲಿ ತೀರ್ಪು ಕೊಟ್ಟಿತು.

ಇನ್ನೊಂದು ಕಲಮನ್ನು ರೈತರು ಗಮನಿಸುವುದು ಕಡಿಮೆ. ರಸ್ತೆ ಓರೆಯಾಗಿ ಹಾದಾಗ ಹೊಲ ಎರಡು ತುಂಡಾಗಿ, ಒಂದು ಕಡೆ ಬಾವಿ, ಇನ್ನೊಂದು ಕಡೆ ಮೂರು ಮೂಲೆಯ ಚೂರು ಉಳಿಯುವುದುಂಟು. ಆ ಚೂರಿನಲ್ಲಿ ನೇಗಿಲೂ ತಿರುಗದು, ಟ್ರ್ಯಾಕ್ಟರೂ ತಿರುಗದು. ಹೀಗೆ ತುಂಡಾದದ್ದರಿಂದ ಆದ ನಷ್ಟವನ್ನೂ ಪರಿಹಾರದಲ್ಲಿ ಹಿಡಿಯಬೇಕೆಂದು ಕಾಯ್ದೆಯ 3ಜಿ ಕಲಮೇ ಹೇಳುತ್ತದೆ. ಕೇಳಿದವರಿಗೆ ಸಿಗಬಹುದು, ಕೇಳದವರಿಗೆ ತಾನಾಗಿ ಬರುವುದು ಅಪರೂಪ.

ಹಲಗಾ–ಮಚ್ಛೆಯ ರೈತರ ತಕರಾರು ಹಣಕ್ಕಷ್ಟೇ ನಿಲ್ಲಲಿಲ್ಲ. 'ಝೀರೋ ಪಾಯಿಂಟ್' ಎಂಬ ಮಾತು ಇಲ್ಲಿ ಹೊಲದ ಬದುವಿನ ಮೇಲೂ ಕೇಳಿಸತೊಡಗಿತು. ಹೆದ್ದಾರಿ 4ಎ ಶುರುವಾಗುವ ಶೂನ್ಯ ಬಿಂದು ಇರುವುದು ನಗರದೊಳಗಿನ ಕ್ಯಾಂಪ್ ಪ್ರದೇಶದ ಫಿಶ್ ಮಾರ್ಕೆಟ್ ಬಳಿ, ಹಲಗಾದಲ್ಲಿ ಅಲ್ಲ. ಹಾಗಿದ್ದಮೇಲೆ ಹಲಗಾದಿಂದ ಹೊರಡುವ ರಸ್ತೆಗೆಂದು ಜಮೀನು ತೆಗೆದುಕೊಂಡದ್ದೇ ತಪ್ಪು ಎಂಬುದು ಅವರ ವಾದ. ವ್ಯಾಜ್ಯ ನ್ಯಾಯಾಲಯದ ಮೆಟ್ಟಿಲೇರಿತು, ಕೆಲಸ ನಿಂತು ನಿಂತು ನಡೆಯಿತು. 2021ರ ನವೆಂಬರಿನಲ್ಲಿ ಪೊಲೀಸ್ ಬಂದೋಬಸ್ತಿನಲ್ಲಿ ಯಂತ್ರಗಳು ಹೊಲಕ್ಕೆ ಇಳಿದಾಗ ರೈತರು ಅಡ್ಡ ನಿಂತರು. ಪೂರ್ತಿ ನಗರವನ್ನೇ ಬಳಸುವ ಸುಮಾರು 70 ಕಿ.ಮೀ. ರಿಂಗ್ ರೋಡಿನ ಪ್ರಸ್ತಾಪ ಬಂದಾಗಲೂ ಸುತ್ತಲಿನ ಹಳ್ಳಿಗಳು ಇದೇ ನೆನಪಿನಿಂದ ಎದ್ದು ನಿಂತವು.

ಜಮೀನು ಕೈಗೆ ಬಂದ ಮೇಲೆ ಎಂಜಿನಿಯರಿಗೆ ಎದುರಾಗುವುದು ಮಣ್ಣು. ಭತ್ತಕ್ಕೆ ವರವಾದ ಎರೆಮಣ್ಣು ರಸ್ತೆಗೆ ಶಾಪ. ನೀರು ಕುಡಿದು ಉಬ್ಬುತ್ತದೆ, ಬೇಸಿಗೆಯಲ್ಲಿ ಅಂಗೈ ಹೊಗುವಷ್ಟು ಬಿರುಕು ಬಿಡುತ್ತದೆ. ಮೇಲಿನ ಮಣ್ಣನ್ನು ತೆಗೆದು, ಹೊರಗಿನಿಂದ ಗರಸು ತಂದು, ತೆಳುವಾದ ಪದರಗಳಲ್ಲಿ ಹರಡಿ, ಹದಕ್ಕೆ ನೀರು ಹೊಡೆದು, ರೋಲರ್ ಓಡಿಸಿ ಏರಿ ಕಟ್ಟುತ್ತಾರೆ. ಪ್ರಯೋಗಾಲಯದಲ್ಲಿ ಆ ಮಣ್ಣು ಎಷ್ಟು ಗಟ್ಟಿಯಾಗಬಲ್ಲದೋ ಅದರ ಶೇ 95ರಷ್ಟಾದರೂ ಏರಿಯಲ್ಲಿ ಬರಬೇಕು; ತುದಿಯ ಅರ್ಧ ಮೀಟರಿನಲ್ಲಿ ಶೇ 97. ಅದರ ಮೇಲೆ ಜಲ್ಲಿಯ ಪದರಗಳು, ಕೊನೆಗೆ ಡಾಂಬರು. ನೋಡುವವರಿಗೆ ಕಾಣುವುದು ಡಾಂಬರು, ಭಾರ ಹೊರುವುದು ಕೆಳಗಿನ ಗರಸು ಮತ್ತು ಜಲ್ಲಿ. ಅಚ್ಚಿನ ಭಾರ ಇಮ್ಮಡಿಯಾದರೆ ರಸ್ತೆಗೆ ಆಗುವ ಹಾನಿ ಸುಮಾರು 16 ಪಟ್ಟು ಎಂಬುದು ಅಮೆರಿಕದ ಇಲಿನಾಯ್ಸ್‌ನಲ್ಲಿ 1958ರಿಂದ 1960ರವರೆಗೆ ಲಾರಿ ಓಡಿಸಿ ಮಾಡಿದ ಪರೀಕ್ಷೆಯಿಂದ ತಿಳಿದ ಲೆಕ್ಕ. ಮಿತಿಮೀರಿ ಹೇರಿದ ಒಂದು ಲಾರಿ ಊರಿನ ಕಾರುಗಳೆಲ್ಲ ಸೇರಿ ಮಾಡದ ಕೇಡು ಮಾಡುತ್ತದೆ.

ಮಣ್ಣಿನ ಜೊತೆಗೇ ನೀರು. ನಗರದ ಈ ಮಗ್ಗುಲಲ್ಲಿ ಬಳ್ಳಾರಿ ನಾಲೆ ಹರಿಯುತ್ತದೆ. ಮಳೆಗಾಲದಲ್ಲಿ ಅದು ದಂಡೆ ಮೀರಿ ಗದ್ದೆಗೆ ನುಗ್ಗುವುದು ವಡಗಾವಿಯವರಿಗೆ ಹೊಸದಲ್ಲ. ಇಂಥ ಕಡೆ ಅಡ್ಡಲಾಗಿ ಎತ್ತರದ ಏರಿ ಕಟ್ಟಿದರೆ ಅದೇ ಒಡ್ಡಾಗುತ್ತದೆ. ಮೋರಿಗಳು ಎಷ್ಟು, ಎಲ್ಲೆಲ್ಲಿ, ಎಷ್ಟು ಅಗಲ ಎಂಬುದರಲ್ಲಿ ಕೈ ಬಿಗಿ ಹಿಡಿದರೆ ಮೇಲಿನ ಗದ್ದೆ ಕೆರೆಯಾಗುತ್ತದೆ.

ರಸ್ತೆಯ ಅಗಲದಲ್ಲಿ ಕೈ ಬಿಗಿ ಹಿಡಿದರೆ ಏನಾಗುತ್ತದೆಂಬುದನ್ನು ನೋಡಲು ದೂರ ಹೋಗಬೇಕಿಲ್ಲ. ಪುಣೆ–ಬೆಂಗಳೂರು ಹೆದ್ದಾರಿ ನಾಲ್ಕು ಪಥವಾದ ಮೇಲೂ ಹುಬ್ಬಳ್ಳಿ–ಧಾರವಾಡ ಬೈಪಾಸ್ ವರ್ಷಗಟ್ಟಲೆ ಎರಡೇ ಪಥದ್ದಾಗಿ ಉಳಿಯಿತು. ವೇಗವಾಗಿ ಬಂದ ಗಾಡಿಗಳು ಅಲ್ಲಿ ಎದುರುಬದುರಾಗುತ್ತಿದ್ದವು. 2021ರ ಜನವರಿ 15ರಂದು ಇಟಿಗಟ್ಟಿ ಬಳಿ ದಾವಣಗೆರೆಯಿಂದ ಗೋವಾಕ್ಕೆ ಹೊರಟಿದ್ದ ಗೆಳತಿಯರ ವಾಹನಕ್ಕೆ ಟಿಪ್ಪರ್ ಡಿಕ್ಕಿ ಹೊಡೆದು 11 ಜನ ಸತ್ತರು. ಆಮೇಲೆ ಆ ರಸ್ತೆಯ ಅಗಲೀಕರಣಕ್ಕೆ ಚುರುಕು ಬಂತು.

ಇತ್ತ ಖಾನಾಪುರದಲ್ಲಿಯೂ ಗೋವಾ ಹೆದ್ದಾರಿ ಈಗ ಪಟ್ಟಣ ಬಿಟ್ಟು ಹೊರಗಿನಿಂದ ಹಾಯುತ್ತದೆ. ಗಣೇಬೈಲಿನಲ್ಲಿ ಟೋಲ್ ನಾಕಾ ಬಂದಿದೆ. ಬೆಳಗಾವಿ–ಖಾನಾಪುರ ನಡುವಿನ ರಸ್ತೆ ನಾಲ್ಕು ಪಥವಾಯಿತು. ಲೋಂಡಾದ ಆಚೆಗಿನ ಘಟ್ಟದ ಕಾಡಿನಲ್ಲಿ ಮರ ಕಡಿಯುವ ಪ್ರಶ್ನೆ ಹೈಕೋರ್ಟಿಗೆ ಹೋಗಿ, ಅಲ್ಲಿ ಕೆಲಸ ಕುಂಟಿತು. ಹೆದ್ದಾರಿ ಊರು ಬಿಟ್ಟೊಡನೆ ಹಳೆಯ ರಸ್ತೆಯ ಚಹಾದಂಗಡಿ, ಪಂಕ್ಚರ್ ಅಂಗಡಿ, ಖಾನಾವಳಿಗಳಿಗೆ ಗಿರಾಕಿ ಇಳಿಯುತ್ತದೆ. ಪರಿಹಾರದ ಪಟ್ಟಿಯಲ್ಲಿ ಇವರ ಹೆಸರು ಇರುವುದಿಲ್ಲ, ಏಕೆಂದರೆ ಇವರ ಜಾಗವನ್ನು ಯಾರೂ ತೆಗೆದುಕೊಂಡಿಲ್ಲ.

ಬೈಪಾಸ್ ತೆರೆದ ಮೇಲೆ ಊರೊಳಗಿನ ಹಳೆಯ ತುಂಡು ರಾಷ್ಟ್ರೀಯ ಹೆದ್ದಾರಿಯಾಗಿ ಉಳಿಯುವುದಿಲ್ಲ. ಅದನ್ನು ಒಂದು ಬಾರಿ ದುರಸ್ತಿ ಮಾಡಿ ರಾಜ್ಯಕ್ಕೆ ಒಪ್ಪಿಸುವುದು ಕೇಂದ್ರದ ಪದ್ಧತಿ. ಅಲ್ಲಿಂದ ಮುಂದೆ ಆ ರಸ್ತೆಯ ತಗ್ಗು ಮುಚ್ಚುವ ಹೊಣೆ ರಾಜ್ಯದ್ದೇ.