ವೃಷಭಾವತಿಯ ದಡದಲ್ಲೊಂದು ವನದರ್ಶನ

ಪ್ರವಾಸವೆಂದರೆ ದೂರದ ಊರಿಗೆ ಹೋಗುವುದೆಂಬ ಭಾವನೆ ನಮ್ಮಲ್ಲಿ ಬೇರೂರಿದೆ. ರಜೆ ಬಂದೊಡನೆ ನಮ್ಮ ಸಮಾಜದ ಕುಟುಂಬಗಳು ಕೂಡಲಸಂಗಮಕ್ಕೋ ಉಳವಿಗೋ ಹೊರಡುತ್ತವೆ. ಅದು ಯುಕ್ತವೇ. ಕೃಷ್ಣಾ-ಮಲಪ್ರಭೆಯರು ಕೂಡುವ ತಾಣವನ್ನು ಬಸವಣ್ಣನವರು ತಮ್ಮ ಅಂಕಿತದಲ್ಲಿಯೇ ಇರಿಸಿಕೊಂಡರು. ಉಳವಿಯ ಅರಣ್ಯವು ಚೆನ್ನಬಸವಣ್ಣನವರ ಐಕ್ಯಸ್ಥಳ. ಆದರೆ ಚಂದ್ರಾ ಲೇಔಟ್, ವಿಜಯನಗರ, ಬಸವೇಶ್ವರನಗರಗಳಲ್ಲಿ ನೆಲೆಸಿರುವ ನಮ್ಮ ಸಮೀಪದಲ್ಲಿಯೇ ಬಸವನ ಹೆಸರು ಹೊತ್ತ ನದಿಯೊಂದು ಹರಿಯುತ್ತಿದೆಯೆಂಬುದನ್ನು ನಾವು ಮಕ್ಕಳಿಗೆ ಹೇಳಿದ್ದೇವೆಯೇ? ಸಂಸ್ಕೃತದ 'ವೃಷಭ' ಶಬ್ದವೇ ಕನ್ನಡದಲ್ಲಿ 'ಬಸವ'ವಾಯಿತು. ಹಾಗೆ ನೋಡಿದರೆ ವೃಷಭಾವತಿಯು ಬಸವನ ಹೊಳೆಯೇ ಸರಿ.

ಈ ನದಿಯನ್ನು ಅನುಸರಿಸಿ ಒಂದು ದಿನದ ಯಾತ್ರೆಯನ್ನು ಕೈಗೊಳ್ಳುವುದು ಹೇಗೆಂಬುದನ್ನು ಓದುಗ ಬಂಧುಗಳಿಗೆ ನಿವೇದಿಸುವುದು ಈ ಲೇಖನದ ಉದ್ದೇಶ.

ಉಗಮ ಮತ್ತು ಗುಡಿಗಳು

ಮುಂಜಾನೆ ಬಸವನಗುಡಿಯಿಂದ ಆರಂಭಿಸುವುದು ಲೇಸು. ಅಲ್ಲಿಯ ದೊಡ್ಡಬಸವನ ಗುಡಿ 16ನೆಯ ಶತಮಾನದಲ್ಲಿ ಕೆಂಪೇಗೌಡರಿಂದ ನಿರ್ಮಿತವಾದುದೆಂದು ಪ್ರತೀತಿ. ಸುಮಾರು 15 ಅಡಿ ಎತ್ತರದ ಏಕಶಿಲಾ ನಂದಿಯ ಪಾದದಡಿಯಲ್ಲಿ ವೃಷಭಾವತಿ ಉಗಮಿಸಿದಳೆಂದು ಜನರು ನಂಬುತ್ತ ಬಂದಿದ್ದಾರೆ. ಕಾರ್ತಿಕ ಮಾಸದ ಕಡೆಯ ಸೋಮವಾರ ನಡೆಯುವ ಕಡಲೆಕಾಯಿ ಪರಿಷೆ, ರೈತನು ತನ್ನ ಮೊದಲ ಬೆಳೆಯನ್ನು ಬಸವನಿಗೆ ಒಪ್ಪಿಸುವ ಹಬ್ಬ. ನದಿಯ ಮತ್ತೊಂದು ಸೆಲೆ ಮಲ್ಲೇಶ್ವರದ ಕಾಡು ಮಲ್ಲೇಶ್ವರ ದೇವಾಲಯದ ಎದುರಿನ ನಂದಿತೀರ್ಥವೆಂದು ಹೇಳುವರು. ಮಣ್ಣಿನಡಿ ಮುಚ್ಚಿಹೋಗಿದ್ದ ಈ ಕಲ್ಯಾಣಿ ಮತ್ತೆ ಬೆಳಕಿಗೆ ಬಂದುದು 1997ರಲ್ಲಿ.

ಅಲ್ಲಿಂದ ಮೈಸೂರು ರಸ್ತೆಗೆ ಬಂದರೆ ಗಾಳಿ ಆಂಜನೇಯ ದೇವಾಲಯ. ಇದು ವೃಷಭಾವತಿಗೆ ಪಶ್ಚಿಮವಾಹಿನಿ ಎಂಬ ತೊರೆ ಸೇರುತ್ತಿದ್ದ ಸ್ಥಳವೆಂದು ಐತಿಹ್ಯ. ಇಂದು ಆ ಸಂಗಮವನ್ನು ಕಾಣಬಯಸುವವರಿಗೆ ಕಾಂಕ್ರೀಟಿನ ಗೋಡೆಗಳ ನಡುವಿನ ಕಾಲುವೆಯೇ ಕಾಣುವುದು. ಇಷ್ಟಲಿಂಗಧಾರಿಗಳಾದ ನಮಗೆ ಸ್ಥಾವರ ದೇವಾಲಯಗಳ ದರ್ಶನ ಪುಣ್ಯಸಂಪಾದನೆಯ ಮಾರ್ಗವಲ್ಲ, ನಿಜ. ಆದರೆ ಒಂದು ಕಾಲದ ಜನರು ನೀರನ್ನು ಎಷ್ಟು ಗೌರವದಿಂದ ಕಂಡರೆಂಬುದಕ್ಕೆ ನದಿಯ ದಂಡೆಯ ಈ ಗುಡಿಗಳು ಸಾಕ್ಷಿಯಾಗಿ ನಿಂತಿವೆ.

ಜ್ಞಾನಭಾರತಿಯ ವನ

ಮುಂದಿನ ತಾಣ ಜ್ಞಾನಭಾರತಿ. 1964ರಲ್ಲಿ ಸ್ಥಾಪಿತವಾದ ಬೆಂಗಳೂರು ವಿಶ್ವವಿದ್ಯಾಲಯದ ಈ ಆವರಣ ಸುಮಾರು 1,100 ಎಕರೆಯಷ್ಟು ವಿಶಾಲವಾದುದು. 2021ರಲ್ಲಿ ಮೆಟ್ರೋ ರೈಲು ಕೆಂಗೇರಿಯವರೆಗೆ ವಿಸ್ತರಿಸಿದ ಮೇಲೆ ಜ್ಞಾನಭಾರತಿ ಎಂಬ ನಿಲ್ದಾಣವೇ ಇದೆ; ಚಂದ್ರಾ ಲೇಔಟಿನವರು ಅತ್ತಿಗುಪ್ಪೆಯಲ್ಲಿ ಹತ್ತಿದರೆ ಕೆಲವೇ ನಿಮಿಷಗಳ ಪಯಣ. ಆವರಣದ ಬಹುಭಾಗವನ್ನು ಜೈವಿಕ ಉದ್ಯಾನವಾಗಿ ಬೆಳೆಸಲಾಗಿದೆ. ಹೊಂಗೆ, ಬೇವು, ಬಿದಿರುಗಳ ನೆರಳಿನ ಕಾಲುದಾರಿಗಳಲ್ಲಿ ನಡೆಯುವಾಗ ನವಿಲಿನ ಕೂಗು ಕೇಳುವುದುಂಟು. ಅಲ್ಲಿಯ ಗಾಳಿಯಲ್ಲಿ ನಗರದ ಕಾವು ತಗ್ಗುತ್ತದೆ. ಇದು ವಿದ್ಯಾಕೇಂದ್ರವೇ ಹೊರತು ವಿಹಾರಧಾಮವಲ್ಲವಾದುದರಿಂದ, ಪ್ರವೇಶದ ನಿಯಮಗಳನ್ನು ದ್ವಾರದಲ್ಲಿ ವಿಚಾರಿಸಿ, ಸದ್ದಿಲ್ಲದೆ ಸಂಚರಿಸುವುದು ಸಂಸ್ಕಾರವಂತರ ಲಕ್ಷಣ.

ಇಲ್ಲಿಯ ಕಟ್ಟಡಗಳು ಪ್ರಾಚೀನವಲ್ಲ. ಆದರೂ ಅವುಗಳಿಗೆ ಇತಿಹಾಸವುಂಟು. ರಾಷ್ಟ್ರಕವಿ ಜಿ.ಎಸ್. ಶಿವರುದ್ರಪ್ಪನವರು ಇಲ್ಲಿಯ ಕನ್ನಡ ಅಧ್ಯಯನ ಕೇಂದ್ರವನ್ನು ಕಟ್ಟಿ ಬೆಳೆಸಿದರು. ಶಾಸನಗಳನ್ನೂ ಶರಣ ಸಾಹಿತ್ಯವನ್ನೂ ಆಳವಾಗಿ ಶೋಧಿಸಿದ ಎಂ. ಚಿದಾನಂದಮೂರ್ತಿಯವರು ಇಲ್ಲಿ ಪ್ರಾಧ್ಯಾಪಕರಾಗಿದ್ದರು. ಸಮೀಪದ ಮಲ್ಲತ್ತಹಳ್ಳಿಯ ಕಲಾಗ್ರಾಮದಲ್ಲಿ, 2013ರಲ್ಲಿ ನಮ್ಮನ್ನಗಲಿದ ಶಿವರುದ್ರಪ್ಪನವರ ಸಮಾಧಿಯಿದೆ. ಮಕ್ಕಳನ್ನು ಅಲ್ಲಿಗೂ ಕರೆದೊಯ್ಯಬೇಕು.

ನದಿಯ ಮುಂದೆ ಒಂದು ಗಳಿಗೆ

ಮರಳುವ ಮುನ್ನ ಮೈಸೂರು ರಸ್ತೆಯ ಬದಿಯಲ್ಲಿ ವೃಷಭಾವತಿಯ ಮುಂದೆ ಒಂದು ಗಳಿಗೆ ನಿಲ್ಲಬೇಕೆಂಬುದು ನಮ್ಮ ವಿಶೇಷ ವಿನಂತಿ. ನೀರು ಕಪ್ಪಾಗಿದೆ, ನೊರೆಗಟ್ಟಿದೆ, ದುರ್ವಾಸನೆ ಬೀರುತ್ತದೆ. ಮಕ್ಕಳು ಮೂಗು ಮುಚ್ಚಿಕೊಂಡು ಹೀಗೇಕೆಂದು ಕೇಳುವರು. ಆ ಪ್ರಶ್ನೆಗೆ ಹಿರಿಯರು ನಿಜವನ್ನೇ ಹೇಳಬೇಕು.

ನಿಜವೇನೆಂದರೆ, ಸುಮಾರು ನೂರು ಕಿಲೋಮೀಟರು ದೂರದಿಂದ ಎತ್ತಿ ತಂದ ಕಾವೇರಿಯ ನೀರನ್ನು ನಾವು ಬಳಸಿ ಬಿಡುತ್ತೇವೆ. ಅದರಲ್ಲಿ ಎಷ್ಟೋ ಪಾಲು ಶುದ್ಧೀಕರಣ ಘಟಕವನ್ನು ತಲಪದೆ ರಾಜಕಾಲುವೆಗಳ ಮೂಲಕ ಈ ನದಿಗೆ ಬೀಳುತ್ತದೆ. ಕಾರ್ಖಾನೆಗಳ ಕೊಳೆಯೂ ಅದರೊಡನೆ ಸೇರುತ್ತದೆ. ವೃಷಭಾವತಿ ಬಿಡದಿಯ ಬಳಿಯ ಬೈರಮಂಗಲದ ಕೆರೆಯನ್ನು ಹಾಯ್ದು ಅರ್ಕಾವತಿಗೆ, ಅರ್ಕಾವತಿ ಕನಕಪುರದಾಚೆಯ ಸಂಗಮದಲ್ಲಿ ಕಾವೇರಿಗೆ ಸೇರುತ್ತದೆ. ಬೈರಮಂಗಲದ ರೈತನು ನಮ್ಮ ಮನೆಗಳ ಕೊಳೆಯನ್ನು ತನ್ನ ಹೊಲಕ್ಕೆ ಹಾಯಿಸಬೇಕಾಗಿದೆ. ನಾವು ಕುಡಿದ ನದಿಗೆ ನಾವು ಹಿಂದಿರುಗಿಸುತ್ತಿರುವ ಕಾಣಿಕೆ ಇದು.

ಪಾದೋದಕವನ್ನು ಅಷ್ಟಾವರಣಗಳಲ್ಲೊಂದಾಗಿ ಎಣಿಸಿ ಬಟ್ಟಲಿನ ಜಲವನ್ನು ಕಣ್ಣಿಗೊತ್ತಿಕೊಳ್ಳುವ ಪರಂಪರೆ ನಮ್ಮದು. ಜಂಗಮವೆಂದರೆ ಚಲಿಸುವ ಚೈತನ್ಯ. ಹರಿಯುವ ನೀರನ್ನು ಮಲಿನಗೊಳಿಸಿ ಜಂಗಮಪೂಜೆಯ ಮಾತನಾಡುವುದು ಎಷ್ಟರಮಟ್ಟಿಗೆ ಸಮಂಜಸ?

ಇದೆಲ್ಲ ಸರಕಾರದ ಕೆಲಸವೆಂದು ಕೈತೊಳೆದುಕೊಳ್ಳುವಂತಿಲ್ಲ. ಮನೆಯ ಬಚ್ಚಲಿನ ನೀರು ಮಳೆನೀರಿನ ಚರಂಡಿಗೆ ಸೇರುತ್ತಿದ್ದರೆ ಅದನ್ನು ಒಳಚರಂಡಿಗೆ ಜೋಡಿಸಬಹುದು. ಪೂಜೆಯ ಪತ್ರೆ-ಪುಷ್ಪಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ನೀರಿಗೆಸೆಯದೆ ಕುಂಡದ ಗಿಡಕ್ಕೆ ಗೊಬ್ಬರವಾಗಿಸಬಹುದು. ನಿಗದಿತ ಅಳತೆಯ ನಿವೇಶನಗಳಲ್ಲಿ ಮಳೆನೀರಿನ ಸಂಗ್ರಹವನ್ನು 2009ರಲ್ಲಿಯೇ ಕಡ್ಡಾಯ ಮಾಡಲಾಗಿದೆ. ಅದನ್ನು ದಂಡಕ್ಕೆ ಅಂಜಿ ಮಾಡದೆ ಕಾಯಕವೆಂದು ಮಾಡಬೇಕು. ನೆರೆಹೊರೆಯವರು ಕೂಡಿ ಬಡಾವಣೆಯ ರಾಜಕಾಲುವೆಗೆ ಕಸ ಬೀಳದಂತೆ ಕಾಯುವುದೂ ದಾಸೋಹವೇ.

ವನದ ತಂಪನ್ನೂ ನದಿಯ ನೋವನ್ನೂ ಒಂದೇ ದಿನ ಕಂಡ ಮಗು ನೀರಿನ ನಲ್ಲಿಯನ್ನು ಬೇರೆಯ ಕಣ್ಣಿನಿಂದ ನೋಡುತ್ತದೆ. ಬರುವ ಭಾನುವಾರ ಅಜ್ಜ-ಅಜ್ಜಿಯರೊಡಗೂಡಿ ಮನೆಮಂದಿಯೆಲ್ಲ ಬುತ್ತಿ ಕಟ್ಟಿಕೊಂಡು ಹೊರಡಲಿ. ಬಿಸಿಲೇರುವ ಮುನ್ನ ವನವನ್ನು ಸೇರಿದರೆ ಹಿರಿಯರಿಗೂ ಆಯಾಸವಾಗದು.