ಅಂತರ್ಜಾಲವೂ ಗಾಯಕನ ಜೀವಿಕೆಯೂ

ಗಾನವಿದ್ಯೆಯು ಗುರುಮುಖದಿಂದ ಶಿಷ್ಯನಿಗೆ, ಶಿಷ್ಯನಿಂದ ಸಭೆಗೆ ಹರಿದುಬಂದ ವಿದ್ಯೆ. ಹಾಡುವವನೂ ಕೇಳುವವನೂ ಒಂದೇ ಸ್ಥಳದಲ್ಲಿ, ಒಂದೇ ಕಾಲದಲ್ಲಿ ಇರಬೇಕೆಂಬುದು ಅದಕ್ಕೆ ಸಹಜವಾಗಿದ್ದ ಕಟ್ಟು. ಆ ಕಟ್ಟನ್ನು ಮೊದಲು ಸಡಿಲಿಸಿದ್ದು ಗ್ರಾಮಫೋನು. 1902ರಲ್ಲಿ ಕಲ್ಕತ್ತೆಯಲ್ಲಿ ಗೌಹರ್ ಜಾನ್ ಎಂಬ ಪ್ರಖ್ಯಾತ ಗಾಯಕಿಯು ತಟ್ಟೆಗಾಗಿ ಹಾಡಿದಾಗ, ಗಂಟೆಗಟ್ಟಲೆ ವಿಸ್ತರಿಸಬಲ್ಲ ರಾಗವನ್ನು ಸುಮಾರು ಮೂರು ನಿಮಿಷಗಳಲ್ಲಿ ಅಡಕಗೊಳಿಸಬೇಕಾಯಿತು. (ಈಕೆ ಮುಂದೆ ಮೈಸೂರು ಅರಮನೆಯ ಆಶ್ರಯಕ್ಕೆ ಬಂದು 1930ರಲ್ಲಿ ಮೈಸೂರಿನಲ್ಲಿಯೇ ತೀರಿಕೊಂಡರೆಂಬುದು ನಮ್ಮವರಲ್ಲಿ ಅನೇಕರಿಗೆ ತಿಳಿಯದು.) ಬಳಿಕ ಕ್ಯಾಸೆಟ್ಟು ಬಂದಿತು, ಸಿ.ಡಿ. ಬಂದಿತು. ಯಂತ್ರ ಬದಲಾಯಿತೇ ಹೊರತು ವ್ಯವಹಾರ ಬದಲಾಗಲಿಲ್ಲ. ಕಂಪನಿಯೇ ಗಾಯಕನನ್ನು ಆರಿಸುವುದು, ಮುದ್ರಿಸುವುದು, ಮಾರುವುದು, ತಾನು ಉಂಡು ಮಿಕ್ಕುದನ್ನು ಕಲಾವಿದನಿಗೆ ಬಡಿಸುವುದು.

ಈ ವ್ಯವಹಾರದ ಬುಡವನ್ನೇ ಅಲುಗಿಸಿದ್ದು ಅಂತರ್ಜಾಲ. ಎಂಪಿ3 ಎಂಬ ವಿಧಾನದಿಂದ ಹಾಡನ್ನು ಅತಿ ಸಣ್ಣದಾಗಿ ಹಿಂಡಿ, ದೂರವಾಣಿ ತಂತಿಯ ಮೂಲಕವೂ ಕಳುಹಿಸುವುದು ಸಾಧ್ಯವಾದ ಮೇಲೆ, 1999ರಲ್ಲಿ ಅಮೆರಿಕೆಯ ಶಾನ್ ಫ್ಯಾನಿಂಗ್ ಎಂಬ ತರುಣನು ನ್ಯಾಪ್‌ಸ್ಟರ್ ಎಂಬ ಏರ್ಪಾಡನ್ನು ರೂಪಿಸಿದನು. ಒಬ್ಬರ ಗಣಕಯಂತ್ರದಲ್ಲಿದ್ದ ಹಾಡನ್ನು ಮತ್ತೊಬ್ಬರು ಬಿಡಿಗಾಸಿಲ್ಲದೆ ಪಡೆಯತೊಡಗಿದರು. 2000ದಲ್ಲಿ ಮೆಟಾಲಿಕಾ ವಾದ್ಯವೃಂದದವರು ನ್ಯಾಯಾಲಯದ ಮೊರೆಹೊಕ್ಕರು. 2001ರಲ್ಲಿ ಆ ಏರ್ಪಾಡು ನಿಂತಿತು. ಆದರೆ ಪುಕ್ಕಟೆಯ ರುಚಿ ಕಂಡ ನಾಲಗೆ ಸುಮ್ಮನಿದ್ದೀತೆ? 2003ರಲ್ಲಿ ಆಪಲ್ ಕಂಪನಿ ಒಂದೊಂದೇ ಹಾಡನ್ನು 99 ಸೆಂಟಿಗೆ ಮಾರತೊಡಗಿತು. 2008ರಲ್ಲಿ ಸ್ವೀಡನ್ನಿನ ಸ್ಪಾಟಿಫೈ, ಹಾಡನ್ನು ಮಾರುವುದನ್ನೇ ಬಿಟ್ಟು, ತಿಂಗಳ ಚಂದಾ ಪಡೆದು ಅಥವಾ ಜಾಹೀರಾತು ಕೇಳಿಸಿ ಬೇಕಾದಷ್ಟನ್ನು ಆಲಿಸಗೊಡುವ ಪದ್ಧತಿಯನ್ನು ತೆರೆಯಿತು. ಅದು ಭಾರತಕ್ಕೆ ಬಂದದ್ದು 2019ರಲ್ಲಿ. ಇಂದು ಜಗತ್ತಿನ ಧ್ವನಿಮುದ್ರಿತ ಸಂಗೀತದ ವರಮಾನದಲ್ಲಿ ಮೂರನೆಯ ಎರಡು ಪಾಲು ಇಂತಹ ಸ್ಟ್ರೀಮಿಂಗ್‌ನಿಂದಲೇ ಬರುತ್ತದೆ.

ಈ ಹಣ ಗಾಯಕನನ್ನು ಮುಟ್ಟುವ ಬಗೆಯನ್ನು ತುಸು ನಿಧಾನವಾಗಿ ಪರಿಶೀಲಿಸಬೇಕು. ಬಂದ ಹಣವನ್ನೆಲ್ಲ ಒಂದೆಡೆ ಕೂಡಿಸಿ, ಅದರ ದೊಡ್ಡ ಪಾಲನ್ನು ಹಕ್ಕುದಾರರಿಗೆಂದು ತೆಗೆದಿರಿಸಿ, ಒಟ್ಟು ಶ್ರವಣಗಳಲ್ಲಿ ಯಾರ ಹಾಡಿನದು ಎಷ್ಟೋ ಅಷ್ಟರ ಪ್ರಮಾಣದಲ್ಲಿ ಹಂಚುವುದು ರೂಢಿ. ಹಿಂದೆ ಕಣದಲ್ಲಿ ಆಯಗಾರರಿಗೆ ಆಯ ಅಳೆಯುವಾಗ, ತನ್ನ ರಾಶಿಯಿಂದ ಯಾರಿಗೆ ಎಷ್ಟು ಸಂದಿತೆಂಬುದು ರೈತನಿಗೆ ಕಣ್ಣಾರೆ ಕಾಣುತ್ತಿತ್ತು. ಇಲ್ಲಿಯಾದರೋ ಊರಿನ ರಾಶಿಗಳೆಲ್ಲ ಬೆರೆತು ಒಂದೇ ರಾಶಿ. ರಸಿಕನೊಬ್ಬನು ತಿಂಗಳಿಡೀ ಒಬ್ಬ ವಿದ್ವಾಂಸರ ಗಾಯನವನ್ನಷ್ಟೇ ಆಲಿಸಿದರೂ, ಅವನ ಚಂದಾದ ಬಹುಭಾಗ ಅವನೆಂದೂ ಕೇಳದವರ ಮನೆಗೆ ಹೋಗುತ್ತದೆ. ಇನ್ನೊಂದು ವಿಚಿತ್ರವೆಂದರೆ, ಸ್ಪಾಟಿಫೈ ಲೆಕ್ಕದಲ್ಲಿ 30 ಸೆಕೆಂಡು ಆಲಿಸಿದರೆ ಒಂದು ಶ್ರವಣ. 50 ನಿಮಿಷದ ರಾಗವಿಸ್ತಾರವನ್ನು ತಲೆದೂಗಿ ಪೂರ್ತಿ ಆಲಿಸಿದರೂ ಒಂದೇ ಶ್ರವಣ. ಚುಟುಕಾದ ಹಾಡಿಗೂ ತೋಡಿಯ ಆಲಾಪನೆಗೂ ಒಂದೇ ಸೇರಿನ ಅಳತೆ! ಮೂರು ನಿಮಿಷದ ತಟ್ಟೆ ಹಾಕಿದ್ದ ಬೇಲಿಯನ್ನು ತಂತ್ರಜ್ಞಾನ ಕಿತ್ತೊಗೆದಿತ್ತು. ಲೆಕ್ಕದ ಪುಸ್ತಕ ಅದನ್ನು ಮತ್ತೆ ನೆಟ್ಟಿದೆ. 2024ರಿಂದೀಚೆಗೆ, ಹಿಂದಿನ 12 ತಿಂಗಳಲ್ಲಿ 1,000 ಶ್ರವಣಗಳನ್ನು ಮುಟ್ಟದ ಹಾಡಿಗೆ ಅಲ್ಲಿ ಏನೂ ಸಲ್ಲುವುದಿಲ್ಲ.

ಹಾಗೆಂದು ಅಂತರ್ಜಾಲವನ್ನು ಹಳಿಯುತ್ತ ಕೂಡುವುದು ಕೃತಘ್ನತೆಯಾದೀತು. ಕಂಪನಿಯ ಬಾಗಿಲಲ್ಲಿ ಕಾಯದೆ ಹಳ್ಳಿಯ ತತ್ವಪದಕಾರನೂ ತನ್ನ ಹಾಡನ್ನು ಲೋಕದ ಮುಂದಿಡಬಲ್ಲ. ಧಾರವಾಡದಲ್ಲೋ ಮೈಸೂರಿನಲ್ಲೋ ಕುಳಿತ ಗುರುವು ಅಮೆರಿಕದ ಕನ್ನಡಿಗರ ಮಕ್ಕಳಿಗೆ ಸರಳೆವರಸೆ ಕಲಿಸಬಲ್ಲ. 2020ರ ಕೋವಿಡ್ ಕಾಲದಲ್ಲಿ ಸಭೆಗಳೆಲ್ಲ ಮುಚ್ಚಿದಾಗ ಎಷ್ಟೋ ವಿದ್ವಾಂಸರ ಮನೆಯ ಒಲೆ ಉರಿದದ್ದು ಈ ಪಾಠಗಳಿಂದಲೇ.

ಅದೇ ಕಾಲದಲ್ಲಿ ಒಂದು ಹೊಸ ತೊಡಕೂ ಕಾಣಿಸಿಕೊಂಡಿತು. ಮನೆಯಿಂದ ತ್ಯಾಗರಾಜರ ಕೃತಿಗಳನ್ನು ಹಾಡಿ ಪ್ರಸಾರ ಮಾಡಿದ ಕರ್ನಾಟಕ ಸಂಗೀತಗಾರರಿಗೆ, ಅದು ಇಂತಹ ಧ್ವನಿಮುದ್ರಣ ಕಂಪನಿಯ ಸ್ವತ್ತೆಂಬ ನೋಟೀಸು ಬರತೊಡಗಿತು. ನಮ್ಮ ಕಾನೂನಿನಂತೆ ಕರ್ತೃವು ತೀರಿಕೊಂಡ 60 ವರ್ಷಗಳ ಬಳಿಕ ಕೃತಿಯು ಸರ್ವರ ಸ್ವತ್ತು. ತ್ಯಾಗರಾಜರು ಕಾಲವಾದದ್ದು 1847ರಲ್ಲಿ. ಕಂಪನಿಗೆ ಹಕ್ಕಿರುವುದು ತಾನು ಮುದ್ರಿಸಿದ ಧ್ವನಿಯ ಮೇಲೆ ಮಾತ್ರ, ಕೃತಿಯ ಮೇಲಲ್ಲ. ಆದರೆ ಸ್ವರಗಳನ್ನು ಹೋಲಿಸಿ ನೋಡುವ ಯಂತ್ರಕ್ಕೆ, ಒಂದೇ ಕೃತಿಯನ್ನು ಇಬ್ಬರು ಹಾಡಿದರೆ ಒಂದೇ ಮುದ್ರಣವೆಂಬ ಭ್ರಾಂತಿ. ವಚನ, ದಾಸರ ಪದಗಳನ್ನು ಹಾಡುವವರೂ ಈ ಭೇದವನ್ನು ಅರಿತಿದ್ದರೆ ತಕರಾರು ಸಲ್ಲಿಸಲು ಧೈರ್ಯ ಬರುತ್ತದೆ.

2012ರಲ್ಲಿ ತಿದ್ದುಪಡಿಯಾದ ಭಾರತದ ಕೃತಿಸ್ವಾಮ್ಯ ಕಾಯಿದೆಯು ಚಲನಚಿತ್ರದ ಗೀತಕಾರರಿಗೂ ಸಂಗೀತ ಸಂಯೋಜಕರಿಗೂ ಬಿಟ್ಟುಕೊಡಲಾಗದ ರಾಯಧನದ ಹಕ್ಕನ್ನು ಕೊಟ್ಟಿತು. ವಾಣಿಜ್ಯ ಬಳಕೆಯಲ್ಲಿ ಹಾಡುವವರ, ನುಡಿಸುವವರ ಪಾಲನ್ನೂ ಹೇಳಿತು. ಆದರೆ ಪಾಲು ಕೊಡಲು ಹೆಸರಾದರೂ ಗೊತ್ತಿರಬೇಕಷ್ಟೆ. ಹಿಂದೆ ಕ್ಯಾಸೆಟ್ಟಿನ ಹೊದಿಕೆಯ ಮೇಲೆ ಪಿಟೀಲು ಯಾರದು, ಮೃದಂಗ ಯಾರದು, ತಬಲಾ ಯಾರದು ಎಂದು ಅಚ್ಚಾಗಿರುತ್ತಿತ್ತು. ಇಂದಿನ ಮೊಬೈಲಿನ ಪರದೆಯ ಮೇಲೆ ಎಷ್ಟೋ ವೇಳೆ ಮುಖ್ಯ ಗಾಯಕರ ಹೆಸರೊಂದೇ ಮಿನುಗುತ್ತದೆ. ಪಕ್ಕವಾದ್ಯದವರು ಯಾರೆಂದು ಕೇಳುಗನಿಗೂ ತಿಳಿಯದು, ಲೆಕ್ಕ ಬರೆಯುವವನಿಗೂ ತಿಳಿಯದು.