ನಿಮಗಿದು ಗೊತ್ತೆ? ಹಳೆ ಯೆಜ್ಡಿಯ ಸವೆತ ಹೇಳುವ ರಿಂಗ್

ವಿಜಯಪುರ ಬಳಿಯ ತೊರವಿಯ ಯಾವುದಾದರೂ ಮನೆಯ ಹಿತ್ತಲಲ್ಲಿ ಹಳೆ ಜಾವಾ, ಯೆಜ್ಡಿ ಬೈಕ್ ಸಿಕ್ಕರೆ ಮೊದಲು ಬಣ್ಣದ ಅಂಗಡಿಗೆ ಓಡಬೇಡಿ, ಎಂಜಿನ್ ಬಿಚ್ಚಿಸಿ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ 1996ರವರೆಗೂ ತಯಾರಾದ ಈ 250 ಸಿಸಿ ಟೂ-ಸ್ಟ್ರೋಕ್ ಗಾಡಿಗಳ ಸಿಲಿಂಡರ್ ಅಡ್ಡಳತೆ 65 ಮಿ.ಮೀ.

ಸವೆತ ಅಳೆಯಲು ದುಬಾರಿ ಉಪಕರಣವೇ ಬೇಕೆಂದಿಲ್ಲ. ಪಿಸ್ಟನ್ ರಿಂಗ್ ಒಂದನ್ನು ಸಿಲಿಂಡರ್‌ನ ತೀರಾ ಕೆಳಗೆ, ರಿಂಗ್ ಓಡಾಡದ ಜಾಗದಲ್ಲಿ ನೇರವಾಗಿ ಕೂರಿಸಿ ಬಾಯಿಯ ಸಂದು ಅಳೆಯಿರಿ. ಬಳಿಕ ಮೇಲೆ, ರಿಂಗ್ ಉಜ್ಜುವ ಕಡೆ ಅಳೆಯಿರಿ. ಎರಡರ ವ್ಯತ್ಯಾಸವನ್ನು 3.14ರಿಂದ ಭಾಗಿಸಿದರೆ ಬಂದದ್ದೇ ಸವೆತ! ಸಂದು 0.3 ಮಿ.ಮೀ. ಹಿಗ್ಗಿದ್ದರೆ ಬೋರ್ ಸುಮಾರು 0.1 ಮಿ.ಮೀ. ದೊಡ್ಡದಾಗಿದೆ ಎಂದರ್ಥ. ಫೀಲರ್ ಗೇಜ್ ಸಾಕು. ಆದರೆ ಬೋರ್ ಅಂಡಾಕಾರಕ್ಕೆ ತಿರುಗಿದ್ದರೆ ಇದು ಹೇಳದು. ಅದಕ್ಕೆ ಲೇತ್ ಅಂಗಡಿಯವರ ಡಯಲ್ ಗೇಜೇ ಬೇಕು.

ಕನೆಕ್ಟಿಂಗ್ ರಾಡ್ ಹಿಡಿದು ಅಲ್ಲಾಡಿಸಿ. ಅಕ್ಕಪಕ್ಕ ತುಸು ಸರಿದರೆ ಚಿಂತೆಯಿಲ್ಲ, ಮೇಲೆ ಕೆಳಗೆ ಕುಣಿದರೆ ಬೇರಿಂಗ್ ಹೋಗಿದೆ.

ಹಲವರು ಮರೆಯುವುದು ಕ್ರ್ಯಾಂಕ್‌ನ ಆಯಿಲ್ ಸೀಲ್. ಟೂ-ಸ್ಟ್ರೋಕ್‌ನಲ್ಲಿ ಪೆಟ್ರೋಲ್-ಗಾಳಿ ಮಿಶ್ರಣ ಮೊದಲು ಕ್ರ್ಯಾಂಕ್‌ಕೇಸಿಗೇ ಬರುತ್ತದೆ. ಸೀಲ್ ಒಡೆದರೆ ಹೊರಗಿನ ಗಾಳಿ ಸೇರಿ, ಎಂಜಿನ್ ಕಾದು ಪಿಸ್ಟನ್ ಹಿಡಿದುಕೊಳ್ಳಬಹುದು. ಕ್ಲಚ್ ಕಡೆಯ ಸೀಲ್ ಹೋದರೆ ಗೇರ್ ಆಯಿಲ್ ಒಳಸೇರಿ ಸೈಲೆನ್ಸರ್ ತುಂಬ ಹೊಗೆ. ಅದನ್ನು ಕಂಡು ಬೋರ್ ಹೊಡೆಸುವುದು ದಂಡ.

ಹಾಂ, ಎರೆಮಣ್ಣಿನ ಧೂಳಿನ ಈ ಸೀಮೆಯಲ್ಲಿ ಹರಿದ ಏರ್ ಫಿಲ್ಟರ್ ಹಾಗೇ ಬಿಟ್ಟರೆ ಹೊಸ ಪಿಸ್ಟನ್ನೂ ಬೇಗ ಸವೆಯುತ್ತದೆ.